ಮೇಲಿನ ಮಹಡಿಯಲ್ಲಿ ದೀಪ ಉರಿಯಲಿ: ಹಳೇ ಪೇಟೆ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಪಣಜಿ, ಮಾಪ್ಸಾ, ಮಡಗಾಂವ್, ವಾಸ್ಕೋ, ಎಲ್ಲಿಂದ ಬರೆದವರೂ ತಮ್ಮ ಊರಿನ ಹಳೇ ಪೇಟೆಯ ಬಗ್ಗೆಯೇ ಕೇಳಿದ್ದಾರೆ. ಗೋವಾದ ಕನ್ನಡದವರಾದ ನಾವು ಈ ಪೇಟೆಗಳನ್ನು ದೂರ ನಿಂತು ನೋಡುವವರಲ್ಲ. ಅಲ್ಲಿ ತರಕಾರಿ ಮಾರುವವರು, ಗೋಡೆ ಕಟ್ಟುವವರು, ಹೋಟೆಲ್ ನಡೆಸುವವರಲ್ಲಿ ನಮ್ಮವರು ಎಷ್ಟೊಂದು ಜನ ಇದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಹಳೇ ಕಟ್ಟಡಗಳ ರಿಪೇರಿ ನನ್ನ ಕೆಲಸ, ಆದ್ದರಿಂದ ಕೆಲವು ಉತ್ತರ ಉದ್ದ ಆಗಿವೆ.

ಪ್ರಶ್ನೆ: ಮಾಪ್ಸಾ ಮಾರ್ಕೆಟ್ ಹತ್ತಿರ ನಮ್ಮದು ಬಟ್ಟೆ ಅಂಗಡಿ. ಅಪ್ಪ ಹುಬ್ಬಳ್ಳಿಯಿಂದ ಬಂದು ಶುರು ಮಾಡಿದ್ದು. ಈಗ ಶುಕ್ರವಾರ ಬಿಟ್ಟರೆ ಗಿರಾಕಿ ಕಡಿಮೆ. ಒಂದು ಕಡೆ ಆನ್‌ಲೈನ್, ಇನ್ನೊಂದು ಕಡೆ ಹೈವೇ ಪಕ್ಕದ ದೊಡ್ಡ ಅಂಗಡಿಗಳು. ಎಲ್ಲರೂ ಪಾರ್ಕಿಂಗ್ ಇಲ್ಲ ಅಂತಾರೆ. ಹಳೇ ಕಟ್ಟಡ ಒಂದೆರಡು ಒಡೆದು ದೊಡ್ಡ ಪಾರ್ಕಿಂಗ್ ಮಾಡಿದರೆ ಪೇಟೆ ಮತ್ತೆ ಮೇಲೇಳುತ್ತಾ ಮೇಡಂ? (ಬಟ್ಟೆ ವ್ಯಾಪಾರಿ, ಮಾಪ್ಸಾ)

ಉತ್ತರ: ಇಲ್ಲ ಸಾರ್, ಮೇಲೇಳಲ್ಲ. ಪಾರ್ಕಿಂಗ್ ವಿಷಯದಲ್ಲಿ ಹೈವೇ ಅಂಗಡಿಯವರ ಜೊತೆ ನೀವು ಯಾವತ್ತೂ ಗೆಲ್ಲೋಕೆ ಆಗಲ್ಲ, ಅವರ ಹತ್ತಿರ ಎಕರೆಗಟ್ಟಲೆ ಜಾಗ ಇದೆ. ನಿಮ್ಮ ಹತ್ತಿರ ಇರೋದು ಬೇರೆ. ಬಸ್ ಸ್ಟ್ಯಾಂಡ್ ನಡೆದು ಹೋಗುವ ದೂರದಲ್ಲಿದೆ. ಬಾರ್ದೇಶ ತಾಲೂಕಿನ ಹಳ್ಳಿಗಳಿಂದ ಬರುವ ಹೆಂಗಸರು ಒಂದೇ ಸುತ್ತಿನಲ್ಲಿ ಒಣಮೆಣಸು, ಮಣ್ಣಿನ ಮಡಕೆ, ಹೂವು, ಬಟ್ಟೆ ಎಲ್ಲ ಮುಗಿಸಿಕೊಂಡು ಹೋಗಬಹುದು. 1960ರಲ್ಲಿ ಕಟ್ಟಿದ ಆ ಮಾರ್ಕೆಟ್ ಇನ್ನೂ ಉಸಿರಾಡ್ತಿರೋದು ಇದರಿಂದಲೇ. ಪಾರ್ಕಿಂಗ್‌ಗಾಗಿ ಎರಡು ಕಟ್ಟಡ ಒಡೆದರೆ ಆ ಸುತ್ತಿನಲ್ಲಿ ಎರಡು ಕಡೆ ಖಾಲಿ ಜಾಗ ಬೀಳುತ್ತೆ, ಜನ ಅಲ್ಲಿಂದಲೇ ವಾಪಸ್ ತಿರುಗ್ತಾರೆ.

ಒಂದು ಕೆಲಸ ಮಾಡಿ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ರಸ್ತೆಯ ಆಚೆ ನಿಂತು, ನಿಮ್ಮ ಸಾಲಿನ ಮುಂದೆ ನಿಲ್ಲಿಸಿರುವ ಗಾಡಿಗಳು ಯಾರವು ಅಂತ ನೋಡಿ. ನಾನು ನೋಡಿದ ಪೇಟೆಗಳಲ್ಲೆಲ್ಲ ಹೆಚ್ಚಿನವು ಅಂಗಡಿಯವರದ್ದು, ಕೆಲಸದ ಹುಡುಗರದ್ದು. ಬೆಳಿಗ್ಗೆ ನಿಲ್ಲಿಸಿದ ಸ್ಕೂಟರ್ ರಾತ್ರಿ ಶಟರ್ ಎಳೆಯೋವರೆಗೆ ಅಲ್ಲಾಡಲ್ಲ. ಅದೇ ಜಾಗದಲ್ಲಿ ದಿನಕ್ಕೆ ಹತ್ತು ಹದಿನೈದು ಗಿರಾಕಿ ನಿಲ್ಲಿಸಿ ಹೋಗಬಹುದಿತ್ತು. ನಿಮ್ಮ ಸಾಲಿನವರೆಲ್ಲ ಕೂತು, ನಮ್ಮ ಗಾಡಿ ನಾವು ದೂರ ನಿಲ್ಲಿಸ್ತೀವಿ ಅಂತ ಮಾತಾಡಿಕೊಂಡರೆ ಖರ್ಚಿಲ್ಲದೆ ಅರ್ಧ ತೊಂದರೆ ಕಳೆಯುತ್ತೆ.

ಇನ್ನೊಂದು ಮಾತು. ಅಮೆರಿಕದಲ್ಲೂ ಇದೇ ಕಥೆ ನಡೆದಿತ್ತು. ಊರ ಹೊರಗೆ ಮಾಲ್ ಬಂದವು, ಸಣ್ಣ ಊರುಗಳ ನಡುಪೇಟೆ ಖಾಲಿ ಆಯ್ತು. ಅಲ್ಲಿ ಹಳೇ ಕಟ್ಟಡ ಉಳಿಸುವ ರಾಷ್ಟ್ರೀಯ ಟ್ರಸ್ಟ್ 1977ರಲ್ಲಿ ಮೂರು ಸಣ್ಣ ಊರು ಆರಿಸಿಕೊಂಡಿತು: ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಸೌತ್ ಡಕೋಟದ ಹಾಟ್ ಸ್ಪ್ರಿಂಗ್ಸ್. ಪ್ರತಿ ಊರಿಗೂ ಒಬ್ಬ ಪೂರ್ತಿ ಹೊತ್ತಿನ ಮ್ಯಾನೇಜರ್‌ನನ್ನು ಕೂರಿಸಿ ಮೂರು ವರ್ಷ ಕೆಲಸ ಮಾಡಿಸಿದರು. ಅದರಿಂದಲೇ 1980ರಲ್ಲಿ ಮೇನ್ ಸ್ಟ್ರೀಟ್ ಅನ್ನೋ ದೊಡ್ಡ ಕಾರ್ಯಕ್ರಮ ಹುಟ್ಟಿತು. ನನಗೆ ಇದರಲ್ಲಿ ಇಷ್ಟ ಆಗೋದು ಆ ಒಬ್ಬ ಮನುಷ್ಯ. ನಮ್ಮಲ್ಲಿ ವ್ಯಾಪಾರಿ ಸಂಘ ಇರುತ್ತೆ, ಅಧ್ಯಕ್ಷರು ಇರ್ತಾರೆ, ಆದರೆ ಎಲ್ಲರಿಗೂ ಅವರವರ ಅಂಗಡಿ. ಪೇಟೆಯ ಕೆಲಸ ಯಾರ ಕೆಲಸವೂ ಅಲ್ಲ. ನಲವತ್ತು ಐವತ್ತು ಅಂಗಡಿ ಸೇರಿ ತಿಂಗಳಿಗೆ ಇಷ್ಟು ಅಂತ ಹಾಕಿ ಒಬ್ಬ ಚುರುಕಾದ ಹುಡುಗನನ್ನೋ ಹುಡುಗಿಯನ್ನೋ ಇಟ್ಟುಕೊಳ್ಳಿ. ಯಾವ ಅಂಗಡಿ ಖಾಲಿ ಇದೆ, ಮಾಲೀಕ ಯಾರು, ಬಾಡಿಗೆ ಎಷ್ಟು ಅನ್ನೋ ಪಟ್ಟಿ ಇಡೋದು, ಬೀದಿ ದೀಪ ಕೆಟ್ಟರೆ ನಗರಸಭೆಗೆ ಹೋಗಿ ಕೂರೋದು, ಎಲ್ಲ ಅಂಗಡಿ ಸಂಜೆ ಒಂದೇ ಹೊತ್ತಿಗೆ ತೆರೆದಿರುವ ಹಾಗೆ ನೋಡಿಕೊಳ್ಳೋದು ಅವರ ಕೆಲಸ. ಮಧ್ಯಾಹ್ನ ಒಂದಕ್ಕೆ ಶಟರ್ ಎಳೆದು ಊಟ ಮಾಡಿ ಮಲಗೋ ಗೋವಾದ ಪದ್ಧತಿ ಬಿಡಿ ಅಂತ ನಾನು ಹೇಳಲ್ಲ. ಆದರೆ ಒಬ್ಬರು ಮೂರಕ್ಕೆ, ಇನ್ನೊಬ್ಬರು ನಾಲ್ಕೂವರೆಗೆ ತೆಗೆದರೆ ಬಸ್ ಹಿಡಿದು ಬಂದವರು ಏನು ಮಾಡಬೇಕು?

ಕೊನೆಗೆ ನಿಮಗೇ ಒಂದು ಪ್ರಶ್ನೆ. ನಿಮ್ಮ ಅಂಗಡಿಯ ಮೇಲೆ ಏನಿದೆ? ಖಾಲಿ ರಟ್ಟಿನ ಡಬ್ಬಿ, ಹಳೇ ಸ್ಟಾಕ್ ಅಲ್ವಾ? ಬಹಳ ಅಂಗಡಿಗಳ ಮೇಲೆ ಅದೇ ಇರುತ್ತೆ. ಮೊದಲು ಅಲ್ಲಿ ಒಂದು ಸಂಸಾರ ಇರ್ತಿತ್ತು. ಸಂಸಾರ ಇದ್ದರೆ ದಿನಾ ಹಾಲು, ಪಾವ್, ತರಕಾರಿ, ಮಾತ್ರೆ, ಮಕ್ಕಳ ಪೆನ್ಸಿಲ್, ಎಲ್ಲ ಕೆಳಗಿನ ಬೀದಿಯಲ್ಲೇ ತಗೊಳ್ತಾರೆ. ವಾರಕ್ಕೊಮ್ಮೆ ಬರುವ ನೂರು ಜನಕ್ಕಿಂತ ದಿನಾ ಇಳಿದು ಬರುವ ಇಪ್ಪತ್ತು ಮನೆ ಪೇಟೆಗೆ ದೊಡ್ಡ ಆಧಾರ. ಮೇಲಿನ ಕೋಣೆ ಕ್ಲೀನ್ ಮಾಡಿಸಿ, ಬೇರೆ ಮೆಟ್ಟಿಲು ಇದ್ದರೆ ತೆರೆದು, ಸಂಡಾಸು ನಲ್ಲಿ ಸರಿ ಮಾಡಿಸಿ ಬಾಡಿಗೆಗೆ ಕೊಡಿ. ಬಟ್ಟೆ ಮಾರಿ ಬರೋ ಲಾಭಕ್ಕೆ ಇದೂ ಸೇರುತ್ತೆ.

ಪ್ರಶ್ನೆ: ಅಕ್ಕಾರೆ ನಮಸ್ಕಾರ್ರೀ. ನಾನು ಬಾಗಲಕೋಟೆ ಕಡೆಯವನು, ಮಡಗಾಂವದಲ್ಲಿ ಗೌಂಡಿ ಕೆಲಸ. ಒಂದು ಹಳೇ ಮನೆ, ಚಿರೆಕಲ್ಲಿನ ಗೋಡೆ. ಕೆಳಗೆ ಗಿಲಾವ್ (ಪ್ಲಾಸ್ಟರ್) ಉಬ್ಬಿ ಉದುರುತ್ತದೆ. ಮಾಲೀಕರು ಗಟ್ಟಿ ಸಿಮೆಂಟ್ ಗಿಲಾವ್ ಮಾಡು ಅಂತಾರೆ. ನಮ್ಮ ಕಾಕಾ ಸುಣ್ಣನೇ ಬೇಕು ಅಂತಾರೆ. ಖರೇ ಯಾವುದ್ರೀ? (ಗೌಂಡಿ, ಮಡಗಾಂವ್)

ಉತ್ತರ: ನಿಮ್ಮ ಕಾಕಾ ಹೇಳಿದ್ದೇ ಖರೇ ತಮ್ಮಾ. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಎಷ್ಟು ಖುಷಿ ಆಯ್ತು ಅಂದರೆ, ಮಾಲೀಕರಿಗೆ ಓದಿ ತೋರಿಸೋ ಹಾಗೆ ಪೂರ್ತಿ ಬರೀತೀನಿ.

ಚಿರೆಕಲ್ಲು ಒಳಗೆಲ್ಲ ತೂತು ಇರೋ ಕಲ್ಲು. ನೆಲದಿಂದ ನೀರು ಎಳೆದುಕೊಳ್ಳುತ್ತೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಬುಡ ಒದ್ದೆ ಆಗದೆ ಇರೋಕೆ ಸಾಧ್ಯನೇ ಇಲ್ಲ. ಸುಣ್ಣದ ಗಿಲಾವ್ ಇದ್ದಾಗ ಆ ನೀರು ಗೋಡೆಯ ಮೈಯಿಂದ ನಿಧಾನಕ್ಕೆ ಆರಿ ಹೋಗುತ್ತೆ. ಸಿಮೆಂಟ್ ಹಚ್ಚಿದರೆ ಮೈ ಮುಚ್ಚಿತು. ನೀರು ಹೊರಗೆ ಬರೋಕೆ ದಾರಿ ಸಿಗದೆ ಮೇಲಕ್ಕೆ ಏರುತ್ತೆ. ಮೊದಲು ಮೊಣಕಾಲೆತ್ತರ ಇದ್ದ ತೇವ ಎರಡು ಮೂರು ಮಳೆಗಾಲ ಕಳೆದ ಮೇಲೆ ಸೊಂಟದ ಎತ್ತರಕ್ಕೆ ಬಂದಿರುತ್ತೆ. ನೀರಿನ ಜೊತೆ ಬಂದ ಉಪ್ಪು ಗಿಲಾವ್ ಹಿಂದೆ ಕೂತು ಅದನ್ನು ಹೊರಕ್ಕೆ ದಬ್ಬುತ್ತೆ. ಆಮೇಲೆ ಸಿಮೆಂಟ್ ಬೀಳುವಾಗ ಸುಮ್ನೆ ಬೀಳಲ್ಲ, ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬೀಳುತ್ತೆ. ಹೀಗೆ ಎರಡು ಇಂಚು ತಿಂದುಹೋದ ಗೋಡೆಗಳನ್ನು ನಾನು ಮಡಗಾಂವದಲ್ಲೂ ಪಣಜಿಯಲ್ಲೂ ನೋಡಿದ್ದೀನಿ.

ನೀವು ಮಾಡಬೇಕಾದ್ದು ಇಷ್ಟು. ಬೆರಳ ಗಂಟಿನಿಂದ ಗೋಡೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಅಷ್ಟು ಮಾತ್ರ ಕಿತ್ತರೆ ಸಾಕು, ಗಟ್ಟಿ ಇರೋದನ್ನು ಮುಟ್ಟಬೇಡಿ. ಗೋಡೆಯನ್ನು ಒಂದು ಬೇಸಿಗೆ ಆರೋಕೆ ಬಿಡೋಕೆ ಆದರೆ ಬಹಳ ಒಳ್ಳೇದು. ಸುಣ್ಣವನ್ನು ಕನಿಷ್ಠ ಎರಡು ವಾರ ಮೊದಲೇ ನೀರಲ್ಲಿ ನೆನೆಹಾಕಿ, ಬೆಣ್ಣೆ ಹಾಗೆ ಆಗಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಸಮುದ್ರದ ಮರಳು ಬೇಡವೇ ಬೇಡ, ಅದರ ಉಪ್ಪೇ ನಿಮ್ಮ ಕೆಲಸ ಹಾಳು ಮಾಡುತ್ತೆ. ಒಂದೇ ಸಲ ದಪ್ಪ ಬಳಿಯೋದು ಬೇಡ, ತೆಳುವಾಗಿ ಎರಡು ಮೂರು ಕೈ, ಒಂದು ಕೈ ಗಟ್ಟಿಯಾದ ಮೇಲೆ ಇನ್ನೊಂದು. ಬಿಸಿಲಲ್ಲಿ ಬೇಗ ಒಣಗದ ಹಾಗೆ ಒದ್ದೆ ಗೋಣಿಚೀಲ ಕಟ್ಟಿ. ಸುಣ್ಣಕ್ಕೆ ಹೊತ್ತು ಬೇಕು, ಆದ್ದರಿಂದ ಮಳೆ ಪೂರ್ತಿ ನಿಂತು ನವೆಂಬರ್ ಬಂದ ಮೇಲೆ ಹಿಡೀರಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಮಾಡಿದ್ದೆಲ್ಲ ನೀರು ಪಾಲು, ಸುಣ್ಣದ ಬಣ್ಣವೇ ಇರಲಿ.

ಹೊರಗೆ ರಸ್ತೆಯನ್ನೂ ನೋಡಿ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದು ಸುರಿಯುತ್ತಾ ಹೋದರೆ ರಸ್ತೆ ಏರುತ್ತೆ, ಮನೆ ಇಳಿಯುತ್ತೆ. ಮೂರು ಮೆಟ್ಟಿಲು ಇದ್ದ ಬಾಗಿಲಿಗೆ ಈಗ ಒಂದೂವರೆ ಮೆಟ್ಟಿಲು. ಮಳೆ ನೀರೆಲ್ಲ ಗೋಡೆ ಬುಡಕ್ಕೇ ಬಂದು ನಿಂತರೆ ಯಾವ ಗಿಲಾವ್ ಕೂಡ ನಿಲ್ಲಲ್ಲ. ಬುಡದಲ್ಲಿ ಒಂದು ಚರಂಡಿ ತೆಗೆದು ನೀರು ಹರಿಯೋಕೆ ದಾರಿ ಮಾಡಿ, ಗಿಲಾವ್ ಆಮೇಲೆ.

ಮಾಲೀಕರು ಖರ್ಚು ಜಾಸ್ತಿ ಅಂತಾರೆ, ನಿಜ, ಕೂಲಿ ಜಾಸ್ತಿ ಆಗುತ್ತೆ. ಆದರೆ ಸಿಮೆಂಟ್ ಗಿಲಾವ್ ಕೆಲವೇ ವರ್ಷಕ್ಕೆ ಮತ್ತೆ ಮಾಡಿಸಬೇಕು, ಆಗ ಕಲ್ಲಿನ ರಿಪೇರಿಯೂ ಸೇರುತ್ತೆ. ನಿಮಗೆ ಒಂದು ಮಾತು. ಸುಣ್ಣದ ಕೆಲಸ ಬರುವ ಗೌಂಡಿಗಳು ಗೋವಾದಲ್ಲಿ ಈಗ ಕಡಿಮೆ. ಕಾಕಾನ ಹತ್ತಿರ ಪೂರ್ತಿ ಕಲಿತುಕೊಳ್ಳಿ, ಜೊತೆಗೆ ಇಬ್ಬರು ಹುಡುಗರಿಗೂ ಕಲಿಸಿ, ದುಪ್ಪಟ್ಟು ಕೂಲಿ ಕೇಳಿ. ಪಣಜಿ ನದಿ ದಡದ ಹಳೇ ಸೆಕ್ರೆಟರಿಯಟ್ ನೋಡಿದ್ದೀರಲ್ಲ, ಅದು ಮೂಲದಲ್ಲಿ ವಿಜಾಪುರದ ಆದಿಲ್‌ಶಾಹಿಗಳು 1500ರ ಸುಮಾರಿಗೆ ಕಟ್ಟಿಸಿದ ಅರಮನೆ. ಆಮೇಲೆ ಪೋರ್ಚುಗೀಸರ ಕೈಗೆ ಹೋಯ್ತು, 2000ದವರೆಗೆ ಗೋವಾ ವಿಧಾನಸಭೆ ಅಲ್ಲೇ ನಡೀತು, ಆಮೇಲೆ ಡಿಸೆಂಬರ್‌ನ ಸೆರೆಂಡಿಪಿಟಿ ಕಲಾ ಉತ್ಸವಕ್ಕೂ ಜನ ಅಲ್ಲಿ ತುಂಬಿದ್ದರು. ನಿಮ್ಮ ಕಡೆಯವರಿಗೂ ಈ ಊರಿನ ಗೋಡೆಗೂ ಇರೋ ಸಂಬಂಧ ಇವತ್ತಿನದಲ್ಲ.

ಪ್ರಶ್ನೆ: ಪಣಜಿಯ ಹಳೇ ಭಾಗದಲ್ಲಿ ಮೇಲಿನ ಮಹಡಿಯಲ್ಲಿ ಅಜ್ಜನ ಕಾಲದಿಂದ ಬಾಡಿಗೆಗೆ ಇದ್ದೇವೆ. ಬಾಡಿಗೆ ಬಹಳ ಕಡಿಮೆ, ಒಪ್ಪಿಕೊಳ್ತೀನಿ. ಮಳೆ ಬಂದರೆ ನಾಲ್ಕು ಕಡೆ ಪಾತ್ರೆ ಇಡಬೇಕು. ಮಾಲೀಕರಲ್ಲಿ ಕೆಲವರು ಮುಂಬೈ, ಕೆಲವರು ಲಿಸ್ಬನ್. ರಿಪೇರಿ ಅಂದರೆ ಉತ್ತರವೇ ಇಲ್ಲ. ಮನೆ ತಾನಾಗಿ ಬೀಳಲಿ ಅಂತ ಕಾಯ್ತಿದ್ದಾರೇನೋ ಅಂತ ಭಯ ಆಗುತ್ತೆ. (ಗೃಹಿಣಿ, ಪಣಜಿ)

ಉತ್ತರ: ಅಮ್ಮಾ, ನಿಮ್ಮ ಭಯ ಅರ್ಥ ಆಗುತ್ತೆ. ಆದರೆ ಬಹಳ ಸಲ ಮಾಲೀಕರ ಮೌನಕ್ಕೆ ಕೆಟ್ಟ ಮನಸ್ಸೇ ಕಾರಣ ಆಗಿರಲ್ಲ. ಎರಡು ಗಂಟು ಬಿದ್ದಿರುತ್ತೆ. ಮೊದಲನೇದು 1968ರ ಬಾಡಿಗೆ ನಿಯಂತ್ರಣ ಕಾನೂನು. ಅದು ನಿಮ್ಮಂಥ ಸಾವಿರಾರು ಸಂಸಾರಗಳನ್ನು ಬೀದಿಗೆ ಬೀಳದ ಹಾಗೆ ಕಾಪಾಡಿದೆ. ಆದರೆ ಬಂದ ಬಾಡಿಗೆಯಲ್ಲಿ ಮಾಡಿನ ಒಂದು ಮೂಲೆ ಕೂಡ ರಿಪೇರಿ ಆಗಲ್ಲ ಅಂದಾಗ ಮಾಲೀಕರು ಕೈಬಿಡ್ತಾರೆ. ಎರಡನೇದು ಆಸ್ತಿ ಪಾಲು. ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಕಾಲದಿಂದ ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳಿಗೂ ಸಮಪಾಲು, ಮಾರೋದಾದರೆ ಗಂಡನ ಜೊತೆ ಹೆಂಡತಿಯ ಸಹಿಯೂ ಬೇಕು. ನ್ಯಾಯವಾದ ಪದ್ಧತಿ ಅದು, ನನಗೆ ಬಹಳ ಗೌರವ ಇದೆ. ಆದರೆ ಮೂರನೇ ತಲೆಮಾರಿಗೆ ಬಂದಾಗ ಒಂದು ಮನೆಗೆ ಇಪ್ಪತ್ತು ಜನ ಮಾಲೀಕರಾದರೂ ಆಶ್ಚರ್ಯ ಇಲ್ಲ, ಅರ್ಧ ಜನ ಪರದೇಶದಲ್ಲಿ. ಪಣಜಿಯಲ್ಲಿ ಬೀಗ ಹಾಕಿ ಪಾಚಿ ಹಿಡಿದಿರೋ ಚೆಂದದ ಮನೆಗಳ ಹಿಂದೆ ಬಹಳ ಕಡೆ ಇದೇ ಕಾರಣ.

ಹಾಗಾದರೆ ಬಾಡಿಗೆ ಕಾನೂನು ಕಿತ್ತು ಹಾಕಿದರೆ ಎಲ್ಲ ಸರಿ ಹೋಗುತ್ತಾ? ಮಲೇಷ್ಯಾದ ಪೆನಾಂಗ್‌ನಲ್ಲಿ ಜಾರ್ಜ್‌ಟೌನ್ ಅಂತ ಹಳೇ ಪೇಟೆ ಇದೆ, ಕೆಳಗೆ ಅಂಗಡಿ ಮೇಲೆ ಮನೆ, ಪಣಜಿ ಹಾಗೆಯೇ. ಅಲ್ಲಿ ಬಾಡಿಗೆ ನಿಯಂತ್ರಣ 2000ದ ಶುರುವಿಗೆ ಒಂದೇ ಏಟಿಗೆ ಹೋಯ್ತು. ಬಾಡಿಗೆ ಏರಿತು, ತಲೆಮಾರುಗಳಿಂದ ಇದ್ದ ಸಾವಿರಾರು ಜನ ಬಿಟ್ಟು ಹೋದರು. 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಕಟ್ಟಡಗಳು ಮಿಂಚಿದವು, ಆದರೆ ಹೋದ ಜನ ವಾಪಸ್ ಬರಲಿಲ್ಲ. ನಮ್ಮಲ್ಲಿ ಹಾಗಾಗಬಾರದು. ಪುದುಚೇರಿಯಲ್ಲಿ ಹಳೇ ಕಟ್ಟಡ ಉಳಿಸುವ ಇನ್‌ಟ್ಯಾಕ್ ಸಂಸ್ಥೆಯವರು ಬೇರೆ ದಾರಿ ಹಿಡಿದರು. ತಮಿಳು ಬೀದಿಗಳ ಜಗುಲಿ ಮನೆಗಳಿಗೆ ರಿಪೇರಿ ಖರ್ಚಿನ ಒಂದು ಪಾಲು ಕೊಟ್ಟು ಉಳಿದದ್ದು ಮಾಲೀಕರಿಂದ ಹಾಕಿಸಿದರು, ಮನೆಯವರು ಮನೆಯಲ್ಲೇ ಉಳಿದರು. ಪಣಜಿಗೆ ಬೇಕಾದ್ದು ಇಂಥ ನಿಧಿ, ಅದೂ ಬಾಡಿಗೆದಾರರನ್ನು ಎಬ್ಬಿಸಬಾರದು ಅನ್ನೋ ಷರತ್ತಿನ ಜೊತೆ. ಚುನಾವಣೆ ಹೊತ್ತಿಗೆ ನಿಮ್ಮ ವಾರ್ಡಿನಲ್ಲಿ ಓಟು ಕೇಳೋಕೆ ಬಂದವರ ಮುಂದೆ ಈ ಮಾತು ಎತ್ತಿ.

ನಿಧಿ ಬರೋವರೆಗೆ ಮಳೆ ಕಾಯಲ್ಲ. ಮೇ ಮುಗಿಯೋ ಮೊದಲು ಹಂಚು ಕೈಯಾಡಿಸಿ. ಮಾಡಿನ ಮೇಲಿರೋದು ಮಂಗಳೂರು ಹಂಚೇ ಆಗಿದ್ದರೆ, 1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಶುರು ಮಾಡಿದ ಆ ಹಂಚಿನ ಅಳತೆಗೆ ಕೂರುವ ಹಂಚು ಇವತ್ತಿಗೂ ಹುಡುಕಿದರೆ ಸಿಗುತ್ತೆ, ಒಡೆದಷ್ಟನ್ನು ಬದಲಾಯಿಸಿದರೆ ಸಾಕು. ನೀರು ಇಳಿಯುವ ತಗಡಿನ ದೋಣಿಯಲ್ಲಿ ಎಲೆ ತುಂಬಿರುತ್ತೆ, ತೆಗೆಸಿ. ಗೋಡೆ ಸಂದಿಯಲ್ಲಿ ಅರಳಿ ಗಿಡ ಚಿಗುರಿದ್ದರೆ ಬೆರಳಷ್ಟು ಇರುವಾಗಲೇ ಬೇರು ಸಮೇತ ತೆಗೆಸಬೇಕು. ಮೇಲೆ ಕತ್ತರಿಸಿ ಬಿಟ್ಟರೆ ಬೇರು ದಪ್ಪ ಆಗಿ ಗೋಡೆಯನ್ನೇ ಸೀಳುತ್ತೆ.

ಇದಕ್ಕೆ ಮೊದಲು ಎಲ್ಲ ಮಾಲೀಕರಿಗೂ, ಒಬ್ಬರಿಗಲ್ಲ ಎಲ್ಲರಿಗೂ, ಫೋಟೊ ಸಮೇತ ಒಂದು ಪತ್ರ ಹಾಕಿ. ಇಷ್ಟು ಬಾಡಿಗೆ ಏರಿಸೋಕೆ ನಾವು ತಯಾರು, ಈ ರಿಪೇರಿಗೆ ಒಪ್ಪಿಗೆ ಕೊಡಿ ಅಂತ ನೀವೇ ಮುಂದಾಗಿ ಹೇಳಿ. ನ್ಯಾಯವಾಗಿ ನೀವೂ ಸ್ವಲ್ಪ ಜಾಸ್ತಿ ಕೊಡಬೇಕು ಅಮ್ಮಾ, ಇದನ್ನು ನಾನು ಮುಲಾಜಿಲ್ಲದೆ ಹೇಳ್ತೀನಿ. ಒಪ್ಪಂದ ಬರಹದಲ್ಲೇ ಇರಲಿ, ವಕೀಲರಿಗೆ ತೋರಿಸಿ. ಬಾಡಿಗೆ ರಸೀದಿಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ, ನಿಮ್ಮ ಹಕ್ಕಿಗೇ ಅದು ಪೆಟ್ಟು.

ಪ್ರಶ್ನೆ: ಅಜ್ಜಿ ಮನೆಯ ಕಿಟಕಿಗಳಿಗೆ ಗಾಜಿನ ಬದಲು ಚಿಪ್ಪು ಇದೆ. ಕೆಲವು ಒಡೆದಿವೆ. ತೆಗೆದು ಅಲ್ಯೂಮಿನಿಯಂ ಕಿಟಕಿ ಹಾಕಿಸಲಾ? (ಮಡಗಾಂವ್)

ಉತ್ತರ: ದಯವಿಟ್ಟು ಬೇಡ. ಒಂದು ಜಾತಿಯ ಕಡಲ ಚಿಪ್ಪನ್ನು ಚೌಕಾಕಾರ ಕತ್ತರಿಸಿ ಮರದ ಚೌಕಟ್ಟಿಗೆ ಸೇರಿಸಿರೋದು ಅದು. ಬೆಳಕು ಬರುತ್ತೆ, ಧಗೆ ಬರಲ್ಲ. ಆ ಜೀವಿ ಈಗ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿದೆ, ಹೊಸ ಚಿಪ್ಪಿನ ಆಸೆ ಬಿಡಿ. ಮನೆಯ ಹಿಂದಿನ ಒಂದು ಕಿಟಕಿಯ ಚಿಪ್ಪು ತೆಗೆದು ಮುಂದಿನವಕ್ಕೆ ಹಾಕಿಸಿ, ಹಿಂದಿನದಕ್ಕೆ ಬೇಕಾದರೆ ಗಾಜು ಇರಲಿ. ಒಳ್ಳೆ ಬಡಗಿ ಸಾಕು.

ಪ್ರಶ್ನೆ: ನಮ್ಮದು ಪಣಜಿಯಲ್ಲಿ ಸಸ್ಯಾಹಾರಿ ಹೋಟೆಲ್. ಸ್ಮಾರ್ಟ್ ಸಿಟಿ ಕೆಲಸದಲ್ಲಿ ರಸ್ತೆ ಅಗೆದು ಬಹಳ ದಿನ ವ್ಯಾಪಾರ ಹೋಯ್ತು. ಈಗ ಬೀದಿಗೆ ಗಾಡಿಯೇ ಬಿಡಬಾರದು ಅಂತ ಕೆಲವರು ಹೇಳ್ತಿದ್ದಾರೆ. ಇದೂ ಬಂದರೆ ಬಾಗಿಲು ಹಾಕಬೇಕಾಗುತ್ತಾ? (ಹೋಟೆಲ್ ಮಾಲೀಕ)

ಉತ್ತರ: ಇವೆರಡನ್ನು ಒಂದೇ ತಕ್ಕಡಿಗೆ ಹಾಕಬೇಡಿ ಸಾರ್. ಪಣಜಿ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಬಂತು, ಆಮೇಲೆ ಒಂದೇ ಸಲ ಎಷ್ಟೋ ರಸ್ತೆ ಅಗೆದಾಗ ನಿಮ್ಮಂಥವರು ಪಟ್ಟ ಪಾಡು ಊರಿಗೇ ಗೊತ್ತು. ಚರಂಡಿ, ನೀರು, ಕೇಬಲ್ ಎಲ್ಲ ಒಂದೇ ಸಲ ಕೆಳಗೆ ಹಾಕಿ ಮುಚ್ಚಬೇಕು, ಒಂದು ಬೀದಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು, ಯಾವ ತಾರೀಕಿಗೆ ಶುರು ಯಾವತ್ತಿಗೆ ಮುಗಿಯುತ್ತೆ ಅಂತ ಅಂಗಡಿಯವರಿಗೆ ಮೊದಲೇ ಬರೆದು ಕೊಡಬೇಕು. ಇದನ್ನು ಗಟ್ಟಿಯಾಗಿ ಕೇಳೋ ಹಕ್ಕು ನಿಮಗಿದೆ.

ಗಾಡಿ ನಿಲ್ಲಿಸೋದು ಹಾಗಲ್ಲ, ಪ್ರಯೋಗ ಮಾಡಿ ನೋಡಬಹುದು, ಬೇಡ ಅನಿಸಿದರೆ ಮಾರನೇ ದಿನ ತೆಗೆಯಬಹುದು. ಪುಣೆಯಲ್ಲಿ 2021ರ ಡಿಸೆಂಬರ್ 11ರಂದು ಅಷ್ಟು ಗಿಜಿಗಿಜಿ ಇರೋ ಲಕ್ಷ್ಮೀ ರಸ್ತೆಯ ಒಂದು ಭಾಗವನ್ನು ನಡೆಯುವವರಿಗೆ ಮಾತ್ರ ಬಿಟ್ಟು ಪಾದಚಾರಿ ದಿನ ಮಾಡಿದರು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರದ ಕೊನೆಗೆ ಗಾಡಿ ನಿಲ್ಲಿಸಿದ್ದರು. ನೀವೂ ಭಾನುವಾರ ಸಂಜೆ ಒಂದು ಬೀದಿ ಅಂತ ಕೇಳಿ, ಸರಕು ಗಾಡಿಗೆ ಬೆಳಿಗ್ಗೆ ಇಷ್ಟು ಗಂಟೆ ಅಂತ ಇಡಿ, ಅಂಗವಿಕಲರ ಗಾಡಿಗೆ ಆಂಬುಲೆನ್ಸ್‌ಗೆ ದಾರಿ ಇರಲಿ. ಆ ಭಾನುವಾರಗಳ ಗಲ್ಲಾ ಲೆಕ್ಕ ಬರೆದಿಟ್ಟುಕೊಳ್ಳಿ. ಆಮೇಲೆ ಸಭೆಯಲ್ಲಿ ನಿಮ್ಮ ಲೆಕ್ಕದ ಮುಂದೆ ಯಾರ ಊಹೆಯೂ ನಿಲ್ಲಲ್ಲ.

ಪ್ರಶ್ನೆ: ನಾನು ವಾಸ್ಕೋದವಳು, ಪಣಜಿಯಲ್ಲಿ ಓದ್ತಿದ್ದೀನಿ. ಇಲ್ಲಿನ ಹಳೇ ಬಡಾವಣೆ ಫೊಂಟೈನ್ಹಾಸ್‌ನ ಬೀದಿಗಳ ಬಣ್ಣ ನೋಡಿದಾಗಲೆಲ್ಲ, ನಮ್ಮ ವಾಸ್ಕೋದ ಹಳೇ ಬೀದಿಗಳಿಗೂ ಹೀಗೇ ಬಣ್ಣ ಹೊಡೆದು ಕೆಫೆ ಇಟ್ಟರೆ ಟೂರಿಸ್ಟ್ ಬರ್ತಾರಲ್ವಾ, ಪೇಟೆಗೆ ಜೀವ ಬರುತ್ತಲ್ವಾ ಅನಿಸುತ್ತೆ. (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಟೂರಿಸ್ಟ್ ಬರ್ತಾರೆ ಮಗಳೇ. ಜೀವ ಬರುತ್ತಾ ಅನ್ನೋದು ಬೇರೆ ಪ್ರಶ್ನೆ. ಫೊಂಟೈನ್ಹಾಸ್ ಇಷ್ಟ ಆಗೋದು ಬರೀ ಬಣ್ಣಕ್ಕಲ್ಲ, ಅಲ್ಟಿನೊ ಗುಡ್ಡದ ಬುಡದ ಆ ಸಂದಿಗಳಲ್ಲಿ ಇನ್ನೂ ಜನ ಇದ್ದಾರೆ. ಬೇಕರಿ ಇದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗ್ತಿರುತ್ತೆ, ಅಜ್ಜಿಯೊಬ್ಬರು ಮೆಟ್ಟಿಲ ಮೇಲೆ ಕೂತಿರ್ತಾರೆ. ಈಗ ಅದೇ ಮನೆಗಳ ಬಾಗಿಲಿಗೆ ಫೋಟೊ ತೆಗೆಯಬೇಡಿ ಅಂತ ಬೋರ್ಡ್ ಬಿದ್ದಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಮನೆಬಾಗಿಲಲ್ಲಿ ಮದುವೆಯ ಫೋಟೊಶೂಟ್ ನಡೆದರೆ ಯಾರಿಗಾದರೂ ಸಾಕಾಗುತ್ತೆ. ಬೇಸತ್ತ ಮನೆಯವರು ಮನೆಯನ್ನು ಹೋಮ್‌ಸ್ಟೇಗೆ ಕೊಟ್ಟು ಪರ್ವರಿಯ ಫ್ಲಾಟ್‌ಗೆ ಹೋದರೆ ಆ ಅಜ್ಜಿ ಕೂತಿದ್ದ ಮೆಟ್ಟಿಲ ಮೇಲೆ ಸೂಟ್‌ಕೇಸ್ ಇರುತ್ತೆ.

ಜನ ಹೋದರೆ ಏನಾಗುತ್ತೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ. ಹಳೇ ಗೋವಾ ಒಂದು ಕಾಲದಲ್ಲಿ ಪಣಜಿಗಿಂತ ಎಷ್ಟೋ ದೊಡ್ಡ ಶಹರ. ರೋಗ ರುಜಿನ ಬಂದು ಜನ ಬಿಟ್ಟರು, 1843ರಲ್ಲಿ ಪಣಜಿ ರಾಜಧಾನಿ ಆಯ್ತು. ಚರ್ಚ್‌ಗಳು ಉಳಿದವು, 1986ರಲ್ಲಿ ಯುನೆಸ್ಕೋ ಪಟ್ಟಿಗೂ ಬಂದವು. ಆದರೆ ಅಲ್ಲಿದ್ದ ಮನೆಸಾಲು, ಅಂಗಡಿಬೀದಿ ಎಲ್ಲಿ? ತೆಂಗಿನ ತೋಟದಲ್ಲಿ ಅಡಿಪಾಯದ ಕಲ್ಲು ಹುಡುಕಬೇಕು.

ವಾಸ್ಕೋಗೆ ಅದರದೇ ಕಥೆ ಇದೆ, ಫೊಂಟೈನ್ಹಾಸ್ ವೇಷ ಬೇಕಿಲ್ಲ. 1880ರ ದಶಕದಲ್ಲಿ ಪಕ್ಕದ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಕಡೆಗೆ ರೈಲು ಹಾಕಿದರು. ಆ ದಾರಿಯಲ್ಲೇ ಅಲ್ವಾ ನಮ್ಮವರು ಇವತ್ತಿಗೂ ಲೋಂಡಾ, ಹುಬ್ಬಳ್ಳಿಗೆ ಹೋಗಿ ಬರೋದು. ನೀನು ಒಂದು ಕೆಲಸ ಮಾಡು. ಇಬ್ಬರು ಮೂವರು ಗೆಳತಿಯರನ್ನು ಕರಕೊಂಡು ರಾತ್ರಿ ಎಂಟು ಗಂಟೆಗೆ ವಾಸ್ಕೋದ ಹಳೇ ಬೀದಿಗಳಲ್ಲಿ ನಡೆಯುತ್ತಾ, ಯಾವ ಯಾವ ಕಟ್ಟಡದ ಮೇಲಿನ ಮಹಡಿಯಲ್ಲಿ ದೀಪ ಉರೀತಿದೆ ಅಂತ ನಕ್ಷೆಯಲ್ಲಿ ಗುರುತು ಹಾಕು. ಹಗಲಲ್ಲಿ ಹೋಗಿ ಕತ್ತಲಿದ್ದ ಕಟ್ಟಡಗಳು ಯಾಕೆ ಖಾಲಿ ಅಂತ ಪಕ್ಕದ ಅಂಗಡಿಯಲ್ಲಿ ಕೇಳು. ಆ ನಕ್ಷೆ ಹಿಡಿದು ನಗರಸಭೆಗೆ ಹೋದರೆ, ಬಣ್ಣದ ಪ್ಲಾನ್‌ಗಿಂತ ಸಾವಿರ ಪಾಲು ಕೆಲಸಕ್ಕೆ ಬರುತ್ತೆ. ಹೋಮ್‌ಸ್ಟೇ, ಕೆಫೆ ಬರಲಿ, ಆದರೆ ಒಂದು ಬೀದಿಗೆ ಇಷ್ಟೇ ಅಂತ ಮಿತಿ ಮೊದಲೇ ಇರಲಿ. ಬಂದ ಮೇಲೆ ಮಿತಿ ಹಾಕೋದು ಬಹಳ ಕಷ್ಟ.

ಪ್ರಶ್ನೆ: ಅಕ್ಕಾ, ನಾನು ಬೆಳಗಾವಿ ಕಡೆಯ ತರಕಾರಿ ತಂದು ಮಾರ್ಕೆಟ್ ಹೊರಗೆ ಕೂತು ಮಾರ್ತೀನಿ. ನಮ್ಮ ಅತ್ತೆ ಕೂರ್ತಿದ್ದ ಜಾಗ ಅದು. ಪೇಟೆ ಚೆಂದ ಮಾಡ್ತಾರಂತೆ, ನಮ್ಮನ್ನ ಎಬ್ಬಿಸ್ತಾರಂತೆ. ಮೊನ್ನೆ ತಕ್ಕಡಿ ಬುಟ್ಟಿ ಎತ್ತಿಕೊಂಡು ಹೋದರು. ಯಾರನ್ನ ಕೇಳಬೇಕು? (ತರಕಾರಿ ಮಾರುವವರು. ಊರು ಬೇಡ ಅಂದಿದ್ದಾರೆ. ಮಗಳು ಬರೆದುಕೊಟ್ಟ ಪತ್ರ)

ಉತ್ತರ: ತಂಗೀ, ಮೊದಲು ಧೈರ್ಯ ತಗೋ. ನಿಮಗಾಗಿಯೇ ಒಂದು ಕಾನೂನು ಇದೆ, 2014ರದ್ದು, ಬೀದಿ ವ್ಯಾಪಾರಿಗಳದ್ದು. ಅದರ ಪ್ರಕಾರ ಪಟ್ಟಣದಲ್ಲಿ ಒಂದು ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ನೂರಕ್ಕೆ 40 ಜನ ನಿಮ್ಮಂಥ ವ್ಯಾಪಾರಿಗಳೇ ಆರಿಸಿದವರು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಎಲ್ಲರ ಸರ್ವೆ ಆಗಿ ಸರ್ಟಿಫಿಕೇಟ್ ಕೊಡೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಏನೇನು ಅಂತ ಪಟ್ಟಿ ಬರೆದು ಕೊಡಲೇಬೇಕು. ದಂಡ ಕಟ್ಟಿದ ಮೇಲೆ ಕೊಳೆಯುವ ಮಾಲನ್ನು ಅವತ್ತೇ ವಾಪಸ್ ಕೊಡಬೇಕು, ತಕ್ಕಡಿಯಂಥದ್ದನ್ನು ಎರಡು ಕೆಲಸದ ದಿನದೊಳಗೆ.

ಇನ್ನೂ ಒಂದಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 50 ವರ್ಷಕ್ಕಿಂತ ಜಾಸ್ತಿ ಕಾಲ ವ್ಯಾಪಾರ ನಡೆದ ಬೀದಿ ಸಂತೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿ ಕೂರುವವರನ್ನು ಬೇರೆ ಕಡೆ ಕಳಿಸುವ ಹಾಗಿಲ್ಲ ಅಂತ ಅದೇ ಕಾನೂನು ಹೇಳುತ್ತೆ. ಹಳೇ ಪೇಟೆಯಲ್ಲಿ ಪರಂಪರೆ ಅಂದರೆ ಕಂಬ, ಕಿಟಕಿ ಅಷ್ಟೇ ಅಲ್ಲ. ನಿಮ್ಮ ಅತ್ತೆ ಕೂತ ಜಾಗದಲ್ಲಿ ನೀನು ಕೂತಿದ್ದೀಯಲ್ಲ, ಅದೂ ಸೇರಿದೆ. ಮೇಲಿನ ಮಹಡಿಯ ಸಂಸಾರಗಳು ದಿನಾ ಇಳಿದು ಬರೋದು ನಿಮ್ಮ ಹತ್ತಿರವೇ. ನಿಮ್ಮನ್ನು ಎಬ್ಬಿಸಿ ಹೂಕುಂಡ ಇಟ್ಟರೆ ಪೇಟೆ ಹೇಗೆ ಚೆಂದ ಆಗುತ್ತೆ ಅಂತ ನನಗೆ ತಿಳಿಯಲ್ಲ.

ಒಬ್ಬಳೇ ಹೋಗಬೇಡ. ನಿಮ್ಮ ಸಾಲಿನ ಎಲ್ಲರೂ ಸೇರಿ, ಸರ್ವೆ ಆಗಿದೆಯಾ, ಸಮಿತಿಯಲ್ಲಿ ನಮ್ಮವರು ಯಾರಿದ್ದಾರೆ ಅಂತ ಬರಹದಲ್ಲಿ ಕೇಳಿ, ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅರ್ಜಿ ಕೊಂಕಣಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮಗಳಿಂದ ಬರೆಸು. ದಿನಾ ಸೋಪೋ (ಕೂರುವ ಜಾಗದ ಸುಂಕ) ಕಟ್ಟಿದಾಗ ಕೊಡ್ತಾರಲ್ಲ, ಆ ಚೀಟಿ ಯಾವುದನ್ನೂ ಬಿಸಾಡಬೇಡ. ಅತ್ತೆಯ ಕಾಲದ್ದು ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ತೆಗಿ. ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡು, ಮೊಬೈಲಿನಲ್ಲಿ ಫೋಟೊ ತೆಗೆದು ಮಗಳ ಹತ್ತಿರವೂ ಇರಲಿ. ಸರ್ವೆಯವರು ಬಂದಾಗ ಎಷ್ಟು ವರ್ಷದಿಂದ ಕೂರ್ತಿದ್ದೀಯ ಅಂತ ಕೇಳಿದರೆ ಅದನ್ನೇ ಮುಂದೆ ಇಡು.